ಎರಡನೆಯ ಅಧ್ಯಾಯ

ಕೆಲವರಿಗೆ ಹುಟ್ಟಿನಿಂದಲೇ ಪ್ರಾಮಾಣಿಕರ ಮುಖ ಬಂದಿರುತ್ತದೆ. ಅದಕ್ಕೂ ಅವರ ನಡತೆಗೂ ಸಂಬಂಧ ಇರಲೇಬೇಕೆಂದೇನಿಲ್ಲ. ನನ್ನದು ಅಂಥ ಮುಖ. ಉದ್ದ ಮೂಗು, ಅದರ ತುದಿಗೆ ಜಾರಿ ಕೂತ ಕನ್ನಡಕ, ಯಾವಾಗಲೂ ಯಾರನ್ನೋ ಮಣ್ಣು ಮಾಡಿ ಬಂದಂಥ ಕಳೆ. ಬಸ್ಸಿನಲ್ಲಿ ಗುರುತಿಲ್ಲದವರು ತಮ್ಮ ಚೀಲ ನನ್ನ ತೊಡೆಯ ಮೇಲಿಟ್ಟು ಚಹಾ ಕುಡಿಯಲು ಇಳಿಯುತ್ತಾರೆ. ಮದುವೆ ಮನೆಗಳಲ್ಲಿ ಉಗ್ರಾಣದ ಕೀಲಿಕೈ ತಾನಾಗಿ ನನ್ನ ಕೈಗೆ ಬರುತ್ತದೆ. ಹೀಗಾಗಿ ಗಡಿಯಂಚಿನ ಮರಾಠಿ ಸೀಮೆಯ ಉದಗೀರದ ನಮ್ಮ ಕಾಲೇಜಿನ ಸಂಶೋಧನಾ ಕೇಂದ್ರಕ್ಕೆ ಒಂದು ‘ಶೈಕ್ಷಣಿಕ ಪ್ರಾಮಾಣಿಕತಾ ಸಮಿತಿ’ ಬೇಕೇ ಬೇಕು ಎಂದು ಮೇಲಿನಿಂದ ಆದೇಶ ಬಂದಾಗ, ಪ್ರಾಚಾರ್ಯರು ಸಿಬ್ಬಂದಿಯ ಮುಖಗಳ ಮೇಲೆ ಒಂದು ಸುತ್ತು ಕಣ್ಣಾಡಿಸಿ ನನ್ನ ಹತ್ತಿರ ಬಂದು ನಿಂತರು. “ಬಿರಾದಾರ ಸರ್, ಅಧ್ಯಕ್ಷರು ನೀವೇ ಆಗ್ರಿ. ನಿಮ್ಮನ್ನ ನೋಡಿದ್ರ ಯಾರಿಗೂ ಸಂಶಯ ಬರಂಗಿಲ್ಲ” ಅಂದರು. ಮನೆಯಲ್ಲಿ ಸುದ್ದಿ ಹೇಳಿದರೆ ನನ್ನ ಹೆಂಡತಿ ಬಹಳ ಹೊತ್ತು ನಕ್ಕಳು. “ಸಕ್ಕರಿ ಬ್ಯಾನಿ ಇಟಗೊಂಡು ಡಬ್ಬಿಯೊಳಗಿನ ಬೆಲ್ಲ ಕದ್ದು ತಿಂತೀರಿ. ನಿಮ್ಮನ್ನ ಕಳ್ಳರನ್ನ ಹಿಡಿಲಾಕ ಇಟ್ಟಾರೇನ್ರೀ?” ಎಂದಳು.

ಮೊದಮೊದಲು ಸಮಿತಿಗೆ ಹೇಳಿಕೊಳ್ಳುವಂಥ ಕೆಲಸವೇನೂ ಇರಲಿಲ್ಲ. ಪ್ರಾಮಾಣಿಕತಾ ಸಪ್ತಾಹ ಮಾಡಿದೆವು. ಅದರ ಸುತ್ತೋಲೆಯನ್ನು ನಮ್ಮ ಕಚೇರಿಯವರು ಇನ್ನೊಂದು ಕಾಲೇಜಿನಿಂದ ತರಿಸಿ ಹೆಸರು ತಿದ್ದಿ ಹೊರಡಿಸಿದರು. ಮೇಲೆ ತಿದ್ದಿದರು, ಕೆಳಗೆ ಮರೆತರು. ಹೀಗೆ ಇನ್ನೊಬ್ಬರ ಬರಹ ಕದಿಯಬಾರದೆಂದು ನಮ್ಮ ವಿದ್ಯಾರ್ಥಿಗಳಿಗೆ ಬೇರೆ ಜಿಲ್ಲೆಯ ಪ್ರಾಚಾರ್ಯರೊಬ್ಬರು ಎಚ್ಚರಿಕೆ ಕೊಟ್ಟ ಹಾಗಾಯಿತು. ಸಭಾಗೃಹದಲ್ಲಿ ನಾನು ಪ್ರತಿಜ್ಞೆ ಹೇಳಿಕೊಟ್ಟೆ. ಬಲಗೈ ಚಾಚಿ ನಿಂತ ಹುಡುಗ ಹುಡುಗಿಯರು, ‘ಇನ್ನೊಬ್ಬರ ಮಾತನ್ನು ನನ್ನದೆಂದು ಹೇಳುವುದಿಲ್ಲ’ ಎಂದು ನನ್ನ ಮಾತನ್ನೇ ಅಕ್ಷರ ತಪ್ಪದೆ ಹೇಳಿದರು. ಫೋಟೋ ಚೆನ್ನಾಗಿ ಬಂತು.

ಇಲ್ಲಿ ಖಾಜಾಭಾಯಿಯ ವಿಷಯ ಹೇಳಬೇಕು. ನಮ್ಮ ಊರಲ್ಲಿ ಯಾರೇ ಪಿಎಚ್‌ಡಿ ಮಾಡಲಿ, ಪ್ರಬಂಧ ಟೈಪಾಗುವುದು ಸ್ಟೇಷನ್ ರಸ್ತೆಯ ಖಾಜಾಭಾಯಿಯ ಅಂಗಡಿಯಲ್ಲಿ. ಟೈಪ್‌ರೈಟರಿನ ಕಾಲದಿಂದ ಕಂಪ್ಯೂಟರಿನ ಕಾಲದವರೆಗೆ ಅವನು ಕೂತ ಸ್ಟೂಲು ಬದಲಾಗಿಲ್ಲ. ಮರಾಠಿ, ಕನ್ನಡ, ಉರ್ದು ಮೂರೂ ಬೆರಳ ತುದಿಯಲ್ಲಿವೆ. ಅವನಲ್ಲಿ ಒಂದು ಔದಾರ್ಯವಿದೆ. ಪ್ರತಿ ಪ್ರಬಂಧಕ್ಕೂ ‘ಅಭ್ಯಾಸಕ್ಷೇತ್ರದ ಪರಿಚಯ’ ಎಂಬ ಎರಡನೆಯ ಅಧ್ಯಾಯ ಇರಲೇಬೇಕಲ್ಲ. ನೆಲ, ನದಿ, ಮಳೆ, ಬೆಳೆ, ಊರುಗಳ ವರ್ಣನೆ. ಸಂಶೋಧಕರು ಮೊದಲನೆಯ ಅಧ್ಯಾಯ ಮತ್ತು ಮೂರನೆಯ ಅಧ್ಯಾಯ ಕೊಟ್ಟರೆ ಸಾಕು, ಎರಡನೆಯದನ್ನು ಖಾಜಾಭಾಯಿ ತನ್ನಲ್ಲಿದ್ದ ಹಳೆಯ ಪ್ರತಿಯಿಂದ ತಾನೇ ಹಾಕಿಬಿಡುತ್ತಾನೆ. ಅದು ಕೈಯಿಂದ ಕೈಗೆ ಬಂದ ಅಧ್ಯಾಯ. ಮೂಲದಲ್ಲಿ ಬರೆದವರು ಯಾರೋ ಅವನಿಗೂ ಗೊತ್ತಿಲ್ಲ. ಅದರಲ್ಲಿ ಜಳಕೋಟ ಇನ್ನೂ ಉದಗೀರ ತಾಲೂಕಿನ ಒಂದು ಊರು. ಅದು ತಾನೇ ಬೇರೆ ತಾಲೂಕಾಗಿ ಎಷ್ಟೋ ವರ್ಷವಾದರೂ ನಮ್ಮ ಡಾಕ್ಟರುಗಳ್ಯಾರೂ ಗಮನಿಸಿಲ್ಲ.

ಸಮಿತಿಯ ಮುಂದೆ ಬಂದ ಮೊದಲ ಪ್ರಕರಣ ಮಹಾದೇವಿಯದು. ಆಕೆ ಆಳಂದದ ಕಡೆಯಿಂದ ಸಾಸ್ತೂರಿಗೆ ಸೊಸೆಯಾಗಿ ಬಂದವಳು. ಉಮರಗಾದ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದ ಪಾಠ. ಪಿಎಚ್‌ಡಿ ಆದರೆ ಅಲ್ಲೇ ಕಾಯಂ ಆಗುವ ಆಸೆ. ಉಮರಗಾ, ನಿಲಂಗಾ ಕಡೆಯ ಹೆಣ್ಣುಮಕ್ಕಳ ಕನ್ನಡ ಬೀಸುವ ಹಾಡುಗಳನ್ನು ಊರೂರು ತಿರುಗಿ ಕೂಡಿಸಿ, ಮರಾಠಿಯಲ್ಲಿ ಪ್ರಬಂಧ ಬರೆದಿದ್ದಳು. ನೋಂದಣಿಯ ಅವಧಿ ಎರಡು ಸಲ ಮುಂದೆ ಹೋಗಿ ಕೊನೆಯ ತಿಂಗಳಿಗೆ ಬಂದಿತ್ತು. ಪ್ರಬಂಧ ಈಗ ಹಿಂದಕ್ಕೆ ಬಂದರೆ ನೋಂದಣಿಯೇ ರದ್ದು, ಮತ್ತೆ ಮೊದಲಿನಿಂದ ಶುರು. ಹೀಗಿರುವಾಗ ನಕಲು ಹಿಡಿಯುವ ಯಂತ್ರ ಆಕೆಯ ಎರಡನೆಯ ಅಧ್ಯಾಯವನ್ನು ಪುಟಗಟ್ಟಲೆ ಕೆಂಪು ಮಾಡಿ ಕಳಿಸಿತು. ಇಂಥವರ ಇಂಥ ಪ್ರಬಂಧದಿಂದ ಎತ್ತಿದ್ದು ಎಂದು ಹೆಸರನ್ನೂ ಹೇಳಿತು. ಪಾಪ, ಅದಕ್ಕೆ ಗೊತ್ತಿದ್ದದ್ದು ಆ ಒಂದೇ ಪ್ರಬಂಧ. ಉಳಿದವೆಲ್ಲ ಕಾಗದದ ಮೇಲೆ ನಮ್ಮ ಗ್ರಂಥಾಲಯದ ಕಪಾಟಿನಲ್ಲಿವೆ. ಆಕೆ ವರ್ಷಗಟ್ಟಲೆ ತಿರುಗಿ ತಂದ ಹಾಡುಗಳ ಮೇಲೆ ಮಾತ್ರ ಯಂತ್ರ ಒಂದು ಚುಕ್ಕೆಯನ್ನೂ ಇಡಲಿಲ್ಲ. ಮರಾಠಿ ಅಕ್ಷರದಲ್ಲಿ ಬರೆದ ಕನ್ನಡ ಅದಕ್ಕೆ ತಿಳಿಯಲಿಲ್ಲವೆಂದು ಕಾಣುತ್ತದೆ.

ವಿಚಾರಣೆಗೆ ಮೊದಲು ಖಾಜಾಭಾಯಿಯ ಅಂಗಡಿಗೆ ಹೋದೆ. ಗಂಟಲು ಸರಿಮಾಡಿಕೊಂಡು, ಅಧ್ಯಕ್ಷನ ಗತ್ತಿನಲ್ಲಿ, ಈ ಅಧ್ಯಾಯ ಎಷ್ಟು ಜನಕ್ಕೆ ಹಾಕಿಕೊಟ್ಟಿದ್ದೀಯಾ ಎಂದು ಕೇಳಿದೆ.

“ಅರೇ ಸರ್, ಹೊಳಿ ಅದೇ, ಹೊಲ ಅದೇ, ಮಳಿ ಅದೇ. ಪ್ರತಿ ಸಲ ಹೊಸಾದು ಎಲ್ಲಿಂದ ತರೋದು?” ಎಂದ. 

“ಯಾರ್ಯಾರಿಗೆ ಹಾಕಿದಿ, ಹೆಸರು ಹೇಳು.”

ಅವನ ಮುಖ ಗಂಭೀರವಾಯಿತು. “ಅದು ಮಾತ್ರ ಕೇಳಬ್ಯಾಡ್ರಿ. ಗಿರಾಕಿ ಹೆಸರು ಹೇಳೋದು ನಮ್ಮ ಧಂದಾದಾಗ ಇಲ್ಲ. ಇಷ್ಟು ವರ್ಷ ಆತು, ನಿಮ್ಮದು ಯಾರಿಗರೆ ಹೇಳಿನೇನ್ರೀ?”

ಚಹಾ ತರಿಸಿದ. ಕುಡಿದೆ. ಅದರ ರುಚಿ ಹೇಗಿತ್ತೆಂದು ಈಗಲೂ ನೆನಪಿಲ್ಲ.

ಗ್ರಂಥಾಲಯಕ್ಕೆ ಹೋಗಿ ನನ್ನ ಪ್ರಬಂಧವನ್ನು ಕಪಾಟಿನಿಂದ ಕೆಳಗಿಳಿಸಿದೆ. ಅದನ್ನು ಈ ಮೊದಲು ಯಾರೂ ತೆಗೆದಿರಲಿಲ್ಲ, ನಾನೂ ಸೇರಿ. ವಿಷಯ ಈ ಭಾಗದ ವಾರದ ಸಂತೆಗಳು. ಎರಡನೆಯ ಅಧ್ಯಾಯ ತೆರೆದು, ನನ್ನ ಹೆಸರಿನ ಕೆಳಗೆ ಅಚ್ಚಾದ ಆ ಮರಾಠಿ ಪುಟಗಳನ್ನು ಜೀವನದಲ್ಲಿ ಮೊದಲ ಸಲ ಓದಿದೆ. ಬರೆದವನು ಯಾರೋ, ಬಹಳ ಚೆನ್ನಾಗಿ ಬರೆದಿದ್ದ. ‘ಸಾಸ್ತೂರದ ಮನೆಗಳು ಕಲ್ಲು ಮಣ್ಣಿನವು. ಗೋಡೆಗಳು ಎಷ್ಟು ದಪ್ಪವೆಂದರೆ ಬಿಸಿಲುಗಾಲದಲ್ಲಿಯೂ ಒಳಗೆ ತಂಪು. ಓಣಿಗಳು ಕಿರಿದು, ಗಾಡಿ ಬಂದರೆ ಎದುರಿಗೆ ಬಂದವರು ಯಾರದಾದರೂ ಕಟ್ಟೆ ಹತ್ತಿ ನಿಲ್ಲಬೇಕು, ನಿಂತ ಮೇಲೆ ಆ ಮನೆಯವರು ನೀರು ಕೊಡದೆ ಬಿಡುವುದಿಲ್ಲ.’ ಆ ಸಾಸ್ತೂರು ತೊಂಬತ್ತಮೂರರ ಭೂಕಂಪದಲ್ಲಿ ನೆಲಸಮವಾದ ಊರು. ಭೂಕಂಪವಾದ ಮೂರನೆಯ ದಿನ ಕಾಲೇಜಿನ ಹುಡುಗರ ಜೊತೆ ರೊಟ್ಟಿಯ ಗಂಟು ಹೊತ್ತು ಸಾಸ್ತೂರಿಗೆ ಹೋದವನು ನಾನು. ಆ ದಪ್ಪ ಗೋಡೆಗಳೇ ಮಲಗಿದ್ದವರ ಮೇಲೆ ಬಿದ್ದದ್ದನ್ನು ನೋಡಿದವನು. ಓಣಿ ಎಲ್ಲಿತ್ತು, ಮನೆ ಎಲ್ಲಿತ್ತು ಎಂದು ತಿಳಿಯದೆ ಕಲ್ಲಿನ ಗುಡ್ಡೆಯ ಮೇಲೆ ನಿಂತು ಅತ್ತವನು. ಅದಾಗಿ ಕೆಲವೇ ವರ್ಷಗಳಿಗೆ, ಆ ಊರು ಇನ್ನೂ ನಿಂತಿದೆ, ಮನೆಗಳು ತಂಪಾಗಿವೆ ಎಂದು ಸಹಿ ಮಾಡಿ ಡಾಕ್ಟರಾದವನೂ ನಾನೇ. ಕದ್ದದ್ದಕ್ಕಿಂತ ಓದದೆ ಕದ್ದದ್ದಕ್ಕೆ ಆ ದಿನ ಹೆಚ್ಚು ನಾಚಿಕೆಯಾಯಿತು.

ವಿಚಾರಣೆಯ ದಿನ ಮಹಾದೇವಿ ನೀಟಾಗಿ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಳು. ಸಮಿತಿಗೆ ಹೊರಗಿನಿಂದ ಬಂದಿದ್ದ ಒಬ್ಬ ಸದಸ್ಯರು ಮೆದು ಮನುಷ್ಯರು. ಇದು ಖಾಜಾಭಾಯಿ ಹಾಕಿದ್ದೆಂದು ನೀವೇ ಬರೆದುಕೊಟ್ಟಿದ್ದೀರಿ, ಗೊತ್ತಿದ್ದೂ ಯಾಕೆ ತೆಗೆಯಲಿಲ್ಲ ಎಂದು ಮರಾಠಿಯಲ್ಲಿ ಕೇಳಿದರು. ಆಕೆ ಮೊದಲು ಮರಾಠಿಯಲ್ಲೇ ಶುರು ಮಾಡಿ, ಆಮೇಲೆ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದಳು.

“ತೆಗಿಬೇಕಂತೇ ಓದಲಾಕ ಕುಂತಿನ್ರಿ ಸರ್. ನಮ್ಮತ್ತಿ ಬಾಜೂಕ ಕುಂತು ಜ್ವಾಳ ಹಸನ ಮಾಡಲತ್ತಿದ್ಳು. ಸಾಸ್ತೂರ ಅಂತ ಬಂತು, ಜೋರಾಗಿ ಓದಂದ್ಳು. ಕನ್ನಡ ಮಾಡಿ ಓದಿದೆ. ಭೂಕಂಪದಾಗ ಆಕಿ ಮನ್ಯಾಗ ಉಳದವ್ರು ಆಕಿ ಮತ್ತ ಮಗಾ, ಇಬ್ಬರೇ. ಹಳೀ ಊರಿಂದು ಒಂದು ಫೋಟೋ ಸೈತ ಇಲ್ಲ. ಈಗ ದಿನಾ ಸಂಜಿಗಿ ಪ್ರಬಂಧದಾಗಿನ ಆ ಪಾನು ಓದಸ್ತಾಳ. ‘ಊರು ಇಷ್ಟರಾಗರೆ ಉಳದದ, ತೆಗಿಬ್ಯಾಡವ್ವಾ’ ಅಂದ್ಳು. ಬರದವರ ಹೆಸರು ಹಾಕ್ಬೇಕಂದ್ರ ಯಾರಂತ ಹಾಕ್ಲಿರಿ? ತಪ್ಪು ನಂದೇ.”

ಹೊರಗಿನ ಸದಸ್ಯರಿಗೆ ನಾನು ಅದನ್ನು ಮರಾಠಿ ಮಾಡಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಕೆಯನ್ನು ಹೊರಗೆ ಕಳಿಸಿ, ನಿಯಮ ತೆರೆದರು. ಈ ಕೇಂದ್ರದಲ್ಲಿ ಇದು ಎಲ್ಲರೂ ಮಾಡುತ್ತ ಬಂದ ರೂಢಿ ಎಂದು ಯಾರಾದರೊಬ್ಬ ಹಳೆಯ ಸಂಶೋಧಕರು ಬರೆದುಕೊಟ್ಟರೆ ಸಾಕು. ಆ ಅಧ್ಯಾಯವನ್ನಷ್ಟೇ ಬದಲಿಸಲು ಹೇಳಿ ಪ್ರಬಂಧವನ್ನು ಮುಂದೆ ಕಳಿಸಬಹುದು. ಇಲ್ಲವಾದರೆ ಹಿಂದಕ್ಕೆ. “ನೀವು ಇಲ್ಲಿಯವರೇ ಅಲ್ಲವೇ ಸರ್? ಯಾರಾದರೂ ಸಿಗುತ್ತಾರೆಯೇ?” ಎಂದು ನನ್ನ ಮುಖ ನೋಡಿದರು.

ನನ್ನ ಮುಖದ ವಿಷಯ ಆಗಲೇ ಹೇಳಿದ್ದೇನೆ. ಅದು ಆ ಹೊತ್ತಿನಲ್ಲೂ ಕೈಬಿಡಲಿಲ್ಲ. ಒಳಗೆ ಮಾತ್ರ ಒಂದು ದೊಡ್ಡ ಸಂತೆಯೇ ನಡೆದಿತ್ತು. ನಿವೃತ್ತಿಗೆ ಎರಡು ವರ್ಷ. ಮನೆಯ ಬಾಗಿಲಿಗೆ ‘ಡಾ.’ ಎಂದು ಹಿತ್ತಾಳೆಯ ಅಕ್ಷರ. ಬೀಗರ ಮನೆಯಲ್ಲಿ ನನ್ನನ್ನು ಡಾಕ್ಟರ್ ಸಾಹೇಬರೇ ಎಂದೇ ಕರೆಯುತ್ತಾರೆ; ಮೊದಲ ವರ್ಷ ಒಬ್ಬಾಕೆ ಮೊಣಕಾಲು ನೋವಿಗೆ ಔಷಧ ಕೇಳಿದ್ದೂ ಉಂಟು. ಒಂದು ಚೀಟಿ ಬರೆದರೆ ಆ ಹುಡುಗಿಯ ಬದುಕು ನೆಟ್ಟಗಾಗುತ್ತಿತ್ತು. ಬಾಯಿ ತೆರೆದೆ. “ಸಿಗೂದು ಕಠಿಣ ಅದ” ಎಂಬ ಮಾತು ಹೊರಗೆ ಬಂತು. ಪ್ರಬಂಧ ಹಿಂದಕ್ಕೆ ಎಂಬ ತೀರ್ಪಿಗೆ ಸಹಿ ಮಾಡಿದೆ. ಕೈ ನಡುಗಲಿಲ್ಲ, ನಡುಗಿದ್ದರೆ ಇಲ್ಲಿ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಮಹಾದೇವಿಯ ನೋಂದಣಿ ಆ ತಿಂಗಳೇ ರದ್ದಾಯಿತು.

ಹದಿನೈದು ದಿನ ಬಿಟ್ಟು ಆಕೆ ನಮ್ಮ ಮನೆಗೆ ಬಂದಳು. ಬೈಯಲು ಬಂದಿದ್ದಾಳೆಂದು ನನಗೆ ಒಂದು ರೀತಿಯ ಸಮಾಧಾನವೇ ಆಯಿತು. ಆಕೆ ಬಗ್ಗಿ ಕಾಲು ಮುಟ್ಟಿದಳು. “ಗ್ರಂಥಾಲಯದಾಗ ಎಲ್ಲಾ ಹಳೀ ಪ್ರಬಂಧ ನೋಡ್ದೆ ಸರ್. ಎಲ್ಲಕಿಂತ ಹಳೀದು ನಿಮ್ಮದು. ಆ ಅಧ್ಯಾಯ ಬರದವ್ರು ನೀವಂತ ಆಗ ತಿಳಿತು. ನಿಮ್ಮ ವಸ್ತು ನಾ ತಗೊಂಡ್ರೂ ಸಮಿತಿ ಮುಂದ ನೀವು ಒಂದು ಮಾತು ಆಡ್ಲಿಲ್ಲ. ಬ್ಯಾರೇದೋರಾಗಿದ್ರ ಮಾನ ತೆಗಿತಿದ್ರು” ಎಂದಳು. ಆಮೇಲೆ, “ನಮ್ಮತ್ತಿ ನಿಮಗ ಎಳ್ಳ ಅಮಾಸಿಗಿ ಹೊಲಕ್ಕ ಕರದಾಳ್ರಿ. ಬರಲೇಬೇಕು” ಎಂದಳು. ಒಳಗಿನಿಂದ ಹೆಂಡತಿ ಚಹಾ ತಂದಳು. ಇಲ್ಲ ತಂಗಿ, ಅದು ನನ್ನದಲ್ಲ ಎಂದು ಹೇಳಲು ಅಷ್ಟು ಹೊತ್ತು ಸಾಕಾಗಿತ್ತು.

ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ದಿನ ಊರಲ್ಲಿ ಯಾರೂ ಉಳಿಯುವುದಿಲ್ಲ. ಎಲ್ಲರೂ ಹೊಲಕ್ಕೆ ಹೋಗಿ ಪೂಜೆ ಮಾಡಿ ಅಲ್ಲೇ ಉಣ್ಣುತ್ತಾರೆ. ಕರೆದ ಹೊಲಕ್ಕೆ ಹೋಗದಿರುವುದು ದೊಡ್ಡ ಅವಮಾನ ಎಂದು ನನಗೆ ನಾನೇ ಹೇಳಿಕೊಂಡು ಹೋದೆ. ಜೋಳದ ಕಣಿಕೆಯ ಗುಡಿಸಲಿನ ನೆರಳಿನಲ್ಲಿ ಕಾಳು, ಸೊಪ್ಪು ಎಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆಯ ಉಂಡೆ, ಗಡಿಗೆಯ ಅಂಬಲಿ ಬಡಿಸಿದರು. ಬರೆದವನಿಗೆ ಸಲ್ಲಬೇಕಾದ ಊಟವನ್ನು ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ಅತ್ತೆ ನನ್ನೆದುರಿಗೆ ಕೂತು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. “ಮಾಸ್ತರ್, ಪುಸ್ತಕ ನೋಡಲಾರದೆ, ನಿಮ್ಮ ಬಾಯಿಲೇ ಒಂದ್ಸಲ ನಮ್ಮೂರು ಹೇಳ್ರಿ” ಎಂದಳು.

“ಮನಿ ಕಲ್ಲು ಮಣ್ಣಿಂದು, ಆಯಿ” ಎಂದೆ. “ಬ್ಯಾಸಗ್ಯಾಗೂ ಒಳಗ ತಂಪು.” ಆಕೆ ಕಣ್ಣು ಮುಚ್ಚಿದಳು. “ಓಣಿ ಸಣ್ಣವು. ಗಾಡಿ ಬಂತಂದ್ರ ಯಾರದರೆ ಕಟ್ಟಿ ಹತ್ತಿ ನಿಂದರಬೇಕು.” ಆಕೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು. “ಮುಂದ ಹೇಳ್ರಿ” ಎಂದಳು. ಮುಂದೆ ಹೇಳಿದೆ. ಗ್ರಂಥಾಲಯದ ಆ ದಿನದಿಂದ ಮತ್ತೆ ಮತ್ತೆ ಓದಿ ಬಾಯಿಪಾಠವಾಗಿದ್ದ ಅಧ್ಯಾಯವನ್ನು ಮುಗಿಯುವವರೆಗೆ ಒಂದು ಸಾಲೂ ಬಿಡದೆ ಹೇಳಿದೆ. ನನ್ನದಲ್ಲ ಎಂಬ ಒಂದು ಮಾತನ್ನು ಮಾತ್ರ ಆ ದಿನವೂ ಹೇಳಲಿಲ್ಲ.