ಒಪ್ಪದೆ ಹಾಕಿದ ಒಪ್ಪು

ನಮ್ಮ ಅತ್ತೆಗೆ ಈ ಭೂಮಿಯ ಮೇಲೆ ಹೆದರಿಕೆ ಹುಟ್ಟಿಸದ ವಸ್ತು ಒಂದೇ ಒಂದು. ಅದು ಇಂಗ್ಲಿಷ್! ಊರಿಗೆ ಊರೇ ಇಂಗ್ಲಿಷಿಗೆ ಹೆದರಿ ಉಳಿದದ್ದಕ್ಕೆಲ್ಲ ಎದೆ ಕೊಟ್ಟು ನಿಂತಿದ್ದರೆ, ಅತ್ತೆ ಅದೊಂದನ್ನು ಬಿಟ್ಟು ಮಿಕ್ಕ ಎಲ್ಲಕ್ಕೂ ಹೆದರುತ್ತಾರೆ. ಗುಡುಗು, ಲಿಫ್ಟು, ಹಲ್ಲಿ, ಚುಚ್ಚುಮದ್ದು, ಆಫೀಸರು... ಇವನ್ನೆಲ್ಲ ಪಟ್ಟಿ ಮಾಡೋಣವೆಂದರೆ ಅದೂ ಕಷ್ಟ. ನಮ್ಮ ವಯನಾಡಿನಲ್ಲಿ ಪಟ್ಟಿ ಅಂದರೆ ಮಲಯಾಳದ ನಾಯಿ. ಅತ್ತೆ ಆ ಶಬ್ದ ಕೇಳಿದರೇ ಸೆರಗು ಬಿಗಿಮಾಡಿಕೊಂಡು ಜಗಲಿ ಹತ್ತುತ್ತಾರೆ!

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ. (ಅದಕ್ಕೂ ಹೆದರಿಕೆಯೇ ಕಾರಣ ಅಂತ ಅಪ್ಪನ ಅಂಬೋಣ.) ನಾವು ಯಾವ ಕಾಲದಲ್ಲೋ ಕರ್ನಾಟಕದಿಂದ ಬಂದು ಪನಮರಂ ಹತ್ತಿರ ಗದ್ದೆ ಮಾಡಿಕೊಂಡು ಕೂತ ಜೈನರು. ಮನೆಯೊಳಗೆ ಕನ್ನಡ, ಮೆಟ್ಟಿಲು ಇಳಿದರೆ ಮಲಯಾಳ. ನಾನು ಪನಮರಂ ಬಸ್‌ಸ್ಟ್ಯಾಂಡಿನ ಪಕ್ಕ ಫೋಟೋಸ್ಟಾಟ್ ಅಂಗಡಿ ಇಟ್ಟುಕೊಂಡಿದ್ದೇನೆ. ಅತ್ತೆಯ ಸ್ಕೂಟರ್ ಸಾರಥಿಯೂ ನಾನೇ.

ಅವರು ಕುಕ್ಕರ್ ಇಡುವ ಚಂದ ನೋಡಬೇಕು ನೀವು! ಒಲೆ ಹಚ್ಚಿ, ಅಂಗಳ ದಾಟಿ, ಬಾವಿಕಟ್ಟೆಯ ಹತ್ತಿರ ಹೋಗಿ ನಿಂತು ಸೀಟಿ ಎಣಿಸುತ್ತಾರೆ. ಮೂರಾದ ಮೇಲೆ ಒಲೆ ಆರಿಸಲು ಅಮ್ಮನನ್ನು ಕೂಗುತ್ತಾರೆ. ಪೇಪರಿನಲ್ಲಿ ಮುತ್ತಂಗದ ಕಡೆ ಆನೆ ಬಂತೆಂದು ಓದಿದರೆ, ಅಷ್ಟು ದೂರದ ಪನಮರಂನಲ್ಲಿ ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಅಗುಳಿ ಬೀಳುತ್ತದೆ.

ಇನ್ನು ಜಿಗಣೆ! ಮಳೆಗಾಲದಲ್ಲಿ ನಮ್ಮಲ್ಲಿ ಕಾಲು ಕೆಳಗಿಟ್ಟರೆ ಸಾಕು, ಹತ್ತಿಕೊಳ್ಳುತ್ತದೆ. ಎಲ್ಲರೂ ಉಪ್ಪು ಹಾಕಿ ಉದುರಿಸುತ್ತಾರೆ. ಅತ್ತೆಗೆ ಜಿಗಣೆಯ ಹೆದರಿಕೆ ಒಂದು ಕಡೆ, ಜೀವಹಿಂಸೆಯ ಹೆದರಿಕೆ ಇನ್ನೊಂದು ಕಡೆ. ಕಣ್ಣು ಮುಚ್ಚಿ ಗಡಗಡ ನಡುಗುತ್ತ ಣಮೋಕಾರ ಮಂತ್ರ ಹೇಳಿಕೊಂಡು ಕೂತುಬಿಡುತ್ತಾರೆ.

"ತೆಗೀಲಾ ಅತ್ತೆ?"

"ಬೇಡ ಕಣೇ ಪದ್ದೂ. ಊಟಕ್ಕೆ ಕೂತಿದೆ. ಎಬ್ಬಿಸಬಾರದು."

ಇಂಥವರ ಕೈಗೆ ಒಂದು ಕೆಂಪು ಪೆನ್ನು ಕೊಡಿ, ಆಮೇಲೆ ನೋಡಿ! ಒಮ್ಮೆ ಕಾಡಿನ ದಾರಿಯಲ್ಲಿ ಬರುತ್ತಿದ್ದೆವು. 'ಆನೆ ದಾಟುವ ಜಾಗ' ಅಂತ ಇಂಗ್ಲಿಷಿನಲ್ಲಿ ಬರೆದ ಬೋರ್ಡು. "ನಿಲ್ಲಿಸೇ!" ಅಂತ ಕಿರುಚಿದರು. ಆನೆಯೇ ಬಂತೆಂದು ನನ್ನ ಜೀವ ಬಾಯಿಗೆ ಬಂತು. ನೋಡಿದರೆ 'ಎಲಿಫೆಂಟ್' ಶಬ್ದದಲ್ಲಿ ಪಿ ಎಚ್ ಇರಬೇಕಾದ ಕಡೆ ಎಫ್ ಇದೆ! ಇಳಿದರು, ಚೀಲದಿಂದ ಪೆನ್ನು ತೆಗೆದರು, ತುದಿಗಾಲಲ್ಲಿ ನಿಂತು ತಿದ್ದತೊಡಗಿದರು.

"ಆನೆ ಬಂದ್ರೆ ಏನತ್ತೆ ಗತಿ?"

"ಬರಲಿ ಬಿಡು. ತನ್ನ ಹೆಸರು ಸರಿಯಾಯ್ತಾ ಅಂತ ನೋಡ್ಕೊಂಡು ಹೋಗುತ್ತೆ!"

ಈ ಕೆಂಪು ಪೆನ್ನಿನ ಕೀರ್ತಿ ಹರಡಿಯೇ ಮಾನಂದವಾಡಿಯಾಚೆಯ ಒಂದು ಕೃಷಿ ಕಾಲೇಜಿನವರು ಅತ್ತೆಯನ್ನು ಕರೆದದ್ದು. ಕಾಲೇಜಿನ ಹೆಸರು ಬೇಡ, ಅಲ್ಲಿ ಇನ್ನೂ ನನ್ನ ಫೋಟೋಸ್ಟಾಟ್ ವ್ಯಾಪಾರ ಉಂಟು. ಅಲ್ಲಿಗೆ ನೇಪಾಳ, ಭೂತಾನ್, ಆಫ್ರಿಕಾದ ಕಡೆಯಿಂದೆಲ್ಲ ಹುಡುಗ ಹುಡುಗಿಯರು ಓದಲು ಬರುತ್ತಾರೆ. ಅವರ ಇಂಗ್ಲಿಷ್ ಎಷ್ಟು ಅಂತ ಅಳೆಯಬೇಕು. ಸಾಕಷ್ಟು ಇದ್ದವರು ನೇರ ಮುಖ್ಯ ತರಗತಿಗೆ, ಸಾಲದವರು ಆರು ತಿಂಗಳು ಇಂಗ್ಲಿಷ್ ತರಗತಿಗೆ. ಅಳೆಯುವುದು, ಆಮೇಲೆ ಕಲಿಸುವುದು, ಎರಡೂ ಅತ್ತೆಯ ಕೆಲಸ. ವರ್ಷವರ್ಷಕ್ಕೂ ಹೊಸದಾಗಿ ಕೊಡುವ ನೇಮಕ.

ಅತ್ತೆಯ ಪರೀಕ್ಷೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: 'ನಿನಗೆ ಯಾವುದರ ಹೆದರಿಕೆ? ಅರ್ಧ ಪುಟ ಬರೆ.' ಇದೆಂಥ ಪ್ರಶ್ನೆ ಅಂತ ನಾನು ನಕ್ಕಿದ್ದಕ್ಕೆ, "ಗುರಿ ಬಗ್ಗೆ ಬರಿ, ದೇಶದ ಬಗ್ಗೆ ಬರಿ ಅಂದ್ರೆ ಎಲ್ಲರೂ ಬಾಯಿಪಾಠ ಒಪ್ಪಿಸ್ತಾರೆ. ಹೆದರಿಕೆನ ಯಾರೂ ಬಾಯಿಪಾಠ ಮಾಡಿರಲ್ಲ ಕಣೇ," ಅಂದರು. ಈ ವಿಷಯದಲ್ಲಿ ಅವರಿಗಿಂತ ದೊಡ್ಡ ಪಂಡಿತರು ಯಾರಿದ್ದಾರೆ! ಯಾರೂ ತಾವು ದಡ್ಡರೆಂದು ತಿಳಿಯಬಾರದಂತ ಇಂಗ್ಲಿಷ್ ತರಗತಿಯೊಳಗಿನ ಗುಂಪುಗಳಿಗೆ ಗಂಧಕಶಾಲ, ಜೀರಕಶಾಲ ಅಂತ ನಮ್ಮ ಭತ್ತದ ಹೆಸರಿಟ್ಟರು. ಯಾವುದು ಮೇಲಿನದು ಅಂತ ಆ ಮಕ್ಕಳಿಗೂ ಗೊತ್ತಿಲ್ಲ, ಕಾಲೇಜಿನವರಿಗೂ ಗೊತ್ತಿಲ್ಲ.

ಉತ್ತರಪತ್ರಿಕೆಗಳ ನಕಲು ತೆಗೆಯುವವಳು ನಾನೇ ಆದ್ದರಿಂದ ಅಲ್ಪಸ್ವಲ್ಪ ಓದುತ್ತಿದ್ದೆ. ನೇಪಾಳದ ಒಬ್ಬ ಹುಡುಗ ಹಾಸ್ಟೆಲ್ಲಿನ ಪುಟ್ಟು ಎಂಬ ಒಣ ಅಕ್ಕಿಹಿಟ್ಟಿನ ಕಡುಬು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯದ ಬಗ್ಗೆ ಅರ್ಧ ಪುಟ ಬರೆದಿದ್ದ. ಟಾಂಜಾನಿಯಾದ ನೀಮಾ ಎಂಬ ಹುಡುಗಿ, ಚಿಕ್ಕವಳಿದ್ದಾಗ ಶಾಲೆಗೆ ಹೋಗಲು ಮೊಸಳೆ ಇರುವ ಹೊಳೆ ದಾಟುತ್ತಿದ್ದುದನ್ನು ಬರೆದಿದ್ದಳು. ಅದೆಷ್ಟು ಚೆನ್ನಾಗಿ ಬರೆದಿದ್ದಳೆಂದರೆ, ಓದಿದ ಅತ್ತೆ ಎರಡು ದಿನ ಬಚ್ಚಲಿಗೆ ಹೋಗುವಾಗ ಅಮ್ಮನನ್ನು ಬಾಗಿಲಲ್ಲಿ ಕಾವಲು ನಿಲ್ಲಿಸಿದರು. "ಇವಳಿಗೆ ನಾನೇನು ಕಲಿಸ್ಲಿ? ಇವಳು ನೇರ ಮುಖ್ಯ ತರಗತಿಗೆ," ಅಂದರು.

ಆದರೆ ಈ ವರ್ಷ ಕಾಲೇಜಿಗೆ ಹೊಸ ಡೀನ್ ಬಂದರು. ಮಲಯಾಳಿಯೇ, ಆದರೆ ಬಹಳ ವರ್ಷ ವಿದೇಶದಲ್ಲಿದ್ದವರು. ಬರವಣಿಗೆ ಸಾಲದು, ಸಮಿತಿಯ ಮುಂದೆ ಮಾತಿನ ಪರೀಕ್ಷೆಯೂ ಬೇಕು, ಕೊನೆಯ ತೀರ್ಮಾನ ಅದರದ್ದೇ ಅಂದರು. ಅತ್ತೆಯನ್ನೂ ಸಮಿತಿಯಲ್ಲಿ ಕೂರಿಸಿದರು. ಆಫೀಸರ ಪಕ್ಕದ ಕುರ್ಚಿ!

ಆ ಸಂಜೆ ಅತ್ತೆ ಮನೆಗೆ ಬಂದವರು ಬ್ಯಾಗನ್ನೂ ಇಳಿಸದೆ ಜಗಲಿಯಲ್ಲಿ ಕೂತರು. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು ನಾವು. ಅಮ್ಮ ಎರಡು ಸಲ ಕರೆದರೂ ಏಳಲಿಲ್ಲ.

"ಏನಾಯ್ತು ಅತ್ತೆ? ನಾಯಿ ಅಟ್ಟಿಸ್ಕೊಂಡು ಬಂತಾ?"

"ನಾಯಿ ಆಗಿದ್ರೆ ಚೆನ್ನಾಗಿತ್ತು," ಅಂದರು. "ನೀಮಾನ ಆರು ತಿಂಗಳ ಇಂಗ್ಲಿಷ್ ತರಗತಿಗೆ ಹಾಕಿದ್ರು ಕಣೇ."

"ಅವಳನ್ನಾ? ಮೊಸಳೆ ಹುಡುಗೀನಾ?"

"ಹೆದರಿಕೆಗೆ ಅವಳು ಒಂದೊಂದೇ ಶಬ್ದ ಮಾತಾಡಿದ್ಲು. ಡೀನ್ ಸಾರ್ ಕೇಳಿದ್ರು, 'ನಿನಗೆ ಪಾಠ ಅರ್ಥವಾಗೋದಕ್ಕೆ ಕಷ್ಟ ಇಲ್ಲವಾ?' ಅಂತ. 'ಯೆಸ್' ಅಂದ್ಲು."

"ಸರಿಯಾಗೇ ಹೇಳಿದ್ಲಲ್ಲ. ಹೌದು, ಕಷ್ಟ ಇಲ್ಲ ಅಂತ."

"ನಿನಗೆ ಸರಿ, ನನಗೂ ಸರಿ. ಊಟ ಆಗಿಲ್ವಾ ಅಂದ್ರೆ ಹೂಂ ಅಂತೀವಿ, ಆಗಿಲ್ಲ ಅಂತ ಅರ್ಥ. ಅವಳ ಭಾಷೇಲೂ ಹಂಗೇ ಅಂತೆ. ಇಂಗ್ಲಿಷಲ್ಲಿ ಉಲ್ಟಾ! ಕಷ್ಟ ಇಲ್ಲದಿದ್ರೆ 'ನೋ' ಅನ್ನಬೇಕು. 'ಯೆಸ್' ಅಂದ್ರೆ ಕಷ್ಟ ಉಂಟು ಅಂತ. ಆಮೇಲೆ, 'ಇಂಗ್ಲಿಷಲ್ಲಿ ಪ್ರಬಂಧ ಬರೆದು ಅಭ್ಯಾಸ ಇಲ್ಲವಾ?' ಅಂದ್ರು. 'ನೋ' ಅಂದ್ಲು. ಹಂಗೇನಿಲ್ಲ, ಅಭ್ಯಾಸ ಉಂಟು ಅಂತ ಅವಳ ಲೆಕ್ಕ. ಅವರು ಅಭ್ಯಾಸ ಇಲ್ಲ ಅಂತ ಗೀಟು ಹಾಕಿದ್ರು. ಐದು ಪ್ರಶ್ನೆಗೂ ಇದೇ ಕಥೆ. ಕೂತಲ್ಲೇ ನನಗೆ ಕಾಣಿಸ್ತಿತ್ತು."

"ನೀವು ಹೇಳ್ಲಿಲ್ವಾ ಅತ್ತೆ?"

ಅತ್ತೆ ಈಗ ಬ್ಯಾಗನ್ನು ಕೆಳಗಿಳಿಸಿದರು. "ಹೂಂ," ಅಂದರು.

ಆ 'ಹೂಂ' ಅಂದರೆ ಏನೆಂದು ಈಗ ನಿಮಗೂ ಗೊತ್ತಲ್ಲ!

"ಬಾಯಿ ತೆಗೆದೆ, ನಾಲಿಗೆ ಏಳಲಿಲ್ಲ. ಕಾಗದ ನನ್ನ ಮುಂದೆ ತಳ್ಳಿದ್ರು. ಒಪ್ಪು ಇಟ್ಟೆ," ಅಂದರು. ನಮ್ಮ ಕಡೆ ಒಪ್ಪು ಅಂದರೆ ಸಹಿ. ಮಲಯಾಳದ ಶಬ್ದ, ಮನೆಯೊಳಗಿನ ಕನ್ನಡಕ್ಕೂ ಬಂದು ಕೂತಿದೆ. "ಒಪ್ಪದೆ ಒಪ್ಪು ಇಟ್ಟೆ ಪದ್ದೂ! ಅವಳ ಸ್ಕಾಲರ್‌ಶಿಪ್ಪು ಬರೀ ಎರಡು ವರ್ಷದ್ದು. ಆರು ತಿಂಗಳು ಇಲ್ಲಿ ಕಳೆದ್ರೆ ಓದು ಮುಗಿಯಲ್ಲ. ಅರ್ಧಕ್ಕೇ ವಾಪಸ್ ಹೋಗ್ಬೇಕು. ನಾಳೆ ಬೆಳಿಗ್ಗೆ ಹತ್ತಕ್ಕೆ ಹೆಸರು ಬೋರ್ಡಿಗೆ ಹಾಕ್ತಾರೆ."

"ಹತ್ತರೊಳಗೆ ಹೋಗಿ ಹೇಳೋಣ," ಅಂದೆ. ಅತ್ತೆ ಊಟವನ್ನೂ ಮಾಡದೆ ಹೋಗಿ ಮಲಗಿದರು. ಆದರೆ ಬೆಳಿಗ್ಗೆ ನಾನು ಹಲ್ಲುಜ್ಜುವಷ್ಟರಲ್ಲಿ ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನ ಪಕ್ಕ ನಿಂತಿದ್ದರು. ಕುತ್ತಿಗೆಯ ಪಟ್ಟಿ ಮಾತ್ರ ಹಾಕಿರಲಿಲ್ಲ. "ಪಟ್ಟಿ ನಾನೇ ಹಾಕ್ತೀನಿ ಬನ್ನಿ," ಅಂತ ಬಿಗಿದೆ. ಆ ಶಬ್ದಕ್ಕೂ ಅವತ್ತು ಅವರು ಬೆಚ್ಚಲಿಲ್ಲ.

ಮಾನಂದವಾಡಿ ದಾಟಿ ಕಾಡಿನ ತಿರುವಿಗೆ ಬಂದರೆ ಸಾಲಾಗಿ ಬಸ್ಸು, ಜೀಪು ನಿಂತಿವೆ. ಮುಂದೆ ರಸ್ತೆಯ ನಡುವೆ ಒಂಟಿ ಸಲಗ! ಸ್ಕೂಟರ್ ಆರಿಸಿದೆ. ಹಿಂದಿನ ಸೀಟಿನಲ್ಲಿ ಅತ್ತೆ ಈಗ ಮೂರ್ಛೆ ಹೋಗುತ್ತಾರೆ, ಇನ್ನೊಂದು ನಿಮಿಷಕ್ಕೆ ಹೋಗುತ್ತಾರೆ ಅಂತ ಕಾದೆ. ಅತ್ತೆ ಗಡಿಯಾರ ನೋಡುತ್ತಿದ್ದರು.

"ಒಂಬತ್ತೂಕಾಲು. ಪಕ್ಕದಿಂದ ಹೋಗೋಕಾಗಲ್ವೇನೇ?"

"ಅತ್ತೆ, ಅದು ಆನೆ!"

"ಗೊತ್ತು ಕಣೇ! ಪೇಡಿ ನನಗಿಲ್ವಾ? ಆದ್ರೆ ಹತ್ತು ಗಂಟೆ ಆಗುತ್ತಲ್ಲ!"

ಪೇಡಿ ಅಂದರೆ ಮಲಯಾಳದಲ್ಲಿ ಹೆದರಿಕೆ. ಒಂದು ಹೆದರಿಕೆ ಇನ್ನೊಂದನ್ನು ನುಂಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕೊನೆಗೆ ಆನೆ ಬಿದಿರು ಮುರಿದುಕೊಂಡು ತಾನಾಗಿ ಕಾಡಿಗೆ ಇಳಿಯಿತು. ನಾವು ಕಾಲೇಜು ಮುಟ್ಟಿದಾಗ ಹತ್ತಕ್ಕೆ ಎಂಟು ನಿಮಿಷ.

ಡೀನ್ ಕೋಣೆಯಲ್ಲಿ ಗುಮಾಸ್ತರು ಹೆಸರಿನ ಹಾಳೆ ಹಿಡಿದು ನಿಂತಿದ್ದರು. ನಾನು ಬಾಗಿಲಲ್ಲೇ ನಿಂತೆ. ಅತ್ತೆ ಒಳಗೆ ಹೋಗಿ ಮೇಜಿನ ಅಂಚು ಹಿಡಿದುಕೊಂಡರು. ಹಿಡಿದ ಮೇಜಿನ ಮೇಲೆ ಗ್ಲಾಸು ಕಟಕಟ ಅನ್ನತೊಡಗಿತು. ಮಲಯಾಳದಲ್ಲಿ, ನಿನ್ನೆಯ ಹುಡುಗಿ ಕೊಟ್ಟ ಉತ್ತರಗಳನ್ನೆಲ್ಲ ನಾವು ತಿರುವುಮುರುವಾಗಿ ಬರೆದಿದ್ದೇವೆ ಅಂದರು.

"ಒಪ್ಪು ಟೀಚರದ್ದೇ ಅಲ್ಲವಾ?" ಅಂದರು ಡೀನ್. "ಯೆಸ್ ಯಾವುದು ನೋ ಯಾವುದು ಅಂತ ಗೊತ್ತಿಲ್ಲದವಳಿಗೆ ಇಂಗ್ಲಿಷ್ ತರಗತಿ ಬೇಡವಾ?"

ಮುಗಿಯಿತು, ಅತ್ತೆ ಈಗ ಓಡಿಬರುತ್ತಾರೆ ಅಂದುಕೊಂಡೆ. ಓಡುವ ಬದಲು ಅತ್ತೆ ಕ್ಷೀಣ ಸ್ವರದಲ್ಲಿ ಒಂದು ಪ್ರಶ್ನೆ ಕೇಳಿದರು: "ಸಾರ್ ಇನ್ನ್ ಚಾಯ ಕುಡಿಚ್ಚಿಲ್ಲ, ಅಲ್ಲೇ?" ಇವತ್ತು ಚಹಾ ಕುಡಿದಿಲ್ಲ, ಅಲ್ಲವಾ ಅಂತ.

"ಅತೆ," ಅಂದರು ಡೀನ್. ಹೌದು ಅಂತ.

ಅತ್ತೆ ಗುಮಾಸ್ತರ ಕಡೆ ತಿರುಗಿದರು. "ಸಾರ್ ಹೌದು ಅಂದರು. ಚಹಾ ಕುಡಿದಾಗಿದೆ ಅಂತ ಬರೆದುಕೊಳ್ಳಿ. ಇನ್ನು ತರುವುದು ಬೇಡ."

"ಕುಡಿದಿಲ್ಲ ಅಂತಲ್ಲವಾ ನಾನು ಹೇಳಿದ್ದು!" ಅಂದರು ಡೀನ್.

"ಆ ಹುಡುಗಿಯೂ ಅದನ್ನೇ ಹೇಳಿದ್ದು ಸಾರ್."

ಗುಮಾಸ್ತರು ಹಾಳೆಯಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದರು. ಡೀನ್ ನಗಲಿಲ್ಲ. ಆ ಹುಡುಗಿಯನ್ನು ಕರೆಸಿ ಅಂದರು. ಅತ್ತೆಯ ಮುಂದೆ ಒಂದು ಬಿಳಿ ಹಾಳೆ ತಳ್ಳಿ, ತಪ್ಪೆಂದು ತಿಳಿದೂ ನಿನ್ನೆ ಒಪ್ಪು ಹಾಕಿದ್ದನ್ನು ಬರೆದುಕೊಡಿ, ಅದು ಫೈಲಿಗೆ ಹೋಗುತ್ತದೆ, ಮುಂದಿನ ವರ್ಷದ ನೇಮಕದ ಮಾತು ನಾನು ಹೇಳಲಾರೆ ಅಂದರು. ಅತ್ತೆ ಬರೆದರು. ಅಕ್ಷರ ಕೋಳಿ ಕೆದರಿದ ಹಾಗಿತ್ತು, ವ್ಯಾಕರಣ ಮಾತ್ರ ಒಂದೂ ತಪ್ಪಿರಲಿಲ್ಲ.

ನೀಮಾ ಬಂದಳು. ಎತ್ತರದ ಹುಡುಗಿ, ಅತ್ತುಅತ್ತು ಕಣ್ಣು ಊದಿತ್ತು. ಈ ಸಲ ಡೀನ್ ನೆಟ್ಟಗೆ ಕೇಳಿದರು, ಏನು ಓದಬೇಕೆಂದು ಬಂದೆ ಹೇಳು ಅಂತ. ಅವಳು ಮಣ್ಣಿನ ಬಗ್ಗೆ ಶುರುಮಾಡಿದಳು. ತನ್ನೂರಿನ ಕೆಂಪು ಮಣ್ಣು, ಅದು ಮಳೆಗೆ ಕೊಚ್ಚಿಹೋಗುವುದು, ಅದನ್ನು ತಡೆಯಲು ಅವಳಜ್ಜಿ ಮಾಡುತ್ತಿದ್ದ ಉಪಾಯ. ಕಾಲು ಗಂಟೆಯ ಮೇಲೆ ಡೀನೇ ಕೈಯೆತ್ತಿ ಸಾಕಮ್ಮಾ ಅಂದರು. ಹತ್ತೂಮುಕ್ಕಾಲಿಗೆ ಬೋರ್ಡಿಗೆ ಬಿದ್ದ ಹಾಳೆಯಲ್ಲಿ ಅವಳ ಹೆಸರು ಮುಖ್ಯ ತರಗತಿಯಲ್ಲಿತ್ತು. ವಾರಕ್ಕೊಂದು ಗಂಟೆ ಅತ್ತೆಯ ಹತ್ತಿರ ಬರವಣಿಗೆಗೆ ಬಂದರೆ ಸಾಕು. ಅವಳು ಅತ್ತೆಯನ್ನು ತಬ್ಬಿ ನೆಲದಿಂದ ಎತ್ತಿಯೇಬಿಟ್ಟಳು. ಅತ್ತೆ ಹೆದರಿ "ಇಳಿಸೇ! ಇಳಿಸೇ!" ಅಂತ ಕನ್ನಡದಲ್ಲಿ ಕೂಗಿಕೊಂಡರು.

ವಾಪಸ್ ಬರುವಾಗ ನಾನು ನಗುತ್ತ ಆ ಚಹಾದ ಕಥೆಯನ್ನು ಅಮ್ಮನಿಗೆ ಹೇಗೆ ಹೇಳುವುದು ಅಂತ ಬಡಬಡಿಸುತ್ತಿದ್ದೆ. ಮಾನಂದವಾಡಿಯ ಇಳಿಜಾರಿನಲ್ಲಿ ಅತ್ತೆ ನನ್ನ ಬೆನ್ನಿಗೆ ಹೇಳಿದ ಹಾಗೆ ಹೇಳಿದರು:

"ನಿನ್ನ ಜೊತೆಗೂ ಅವತ್ತು ಬರ್ಬೇಕಿತ್ತು ಪದ್ದೂ ನಾನು."

ಯಾವತ್ತು ಅಂತ ನಾನು ಕೇಳಲಿಲ್ಲ. ಪ್ಲಸ್ ಟೂನಲ್ಲಿ ನಾನು ಇಂಗ್ಲಿಷಿನಲ್ಲಿ ಮೂರು ಅಂಕಕ್ಕೆ ನಪಾಸಾಗಿದ್ದೆ. ಕೂಡಿಸಿದ್ದು ತಪ್ಪಿದೆ ಅಂತ ನನಗೆ ಖಾತ್ರಿಯಿತ್ತು. ಮರು ಎಣಿಕೆಗೆ ಅರ್ಜಿ ಕೊಡಲು ಜೊತೆಗೆ ಆಫೀಸಿಗೆ ಬನ್ನಿ ಅಂತ ಅತ್ತೆಯ ಕಾಲು ಹಿಡಿದಿದ್ದೆ. ಬಸ್‌ಸ್ಟಾಪಿನವರೆಗೂ ಬಂದರು, ಬಸ್ಸು ಹತ್ತಲಿಲ್ಲ. ಅರ್ಜಿಯ ಕೊನೆಯ ದಿನ ಅದೇ ಆಗಿತ್ತು. ನಾನು ಮತ್ತೆ ಪರೀಕ್ಷೆಗೆ ಕೂರಲಿಲ್ಲ, ಅಂಗಡಿಯಲ್ಲಿ ಕೂತೆ. ಇಷ್ಟು ವರ್ಷ ಅವರ ಹೆದರಿಕೆಯ ಕಥೆಗಳನ್ನು ಊರಿಗೆಲ್ಲ ಹೇಳಿ ನಗಿಸಿದೆನಲ್ಲ, ಅದರಲ್ಲಿ ಸಿಟ್ಟೂ ಇತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ.

ಸ್ಕೂಟರ್ ಪಕ್ಕಕ್ಕೆ ಹಾಕಿದೆ. ತಿರುಗಿ ಅತ್ತೆಯ ಕೈ ಹಿಡಿದುಕೊಂಡೆ. ಎಲ್ಲ ಗೆದ್ದು ಬಂದಿದ್ದರೂ ಆ ಕೈ ಮಂಜಿನಂತೆ ತಣ್ಣಗಿತ್ತು, ಇನ್ನೂ ನಡುಗುತ್ತಿತ್ತು. ಒಳಗೆ ಮೇಜಿನ ಮುಂದೆ ನಿಂತಾಗ ಅದು ಎಷ್ಟು ನಡುಗಿರಬೇಡ! ನನಗೆ ಅಳು ಬಂತು. ಅತ್ತೆಯೂ ಅಳುತ್ತಿದ್ದರು. ರಸ್ತೆಯ ಬದಿಯಲ್ಲಿ, ಹೆಲ್ಮೆಟ್ ಹಾಕಿಕೊಂಡೇ, ಇಬ್ಬರೂ ಸುಮ್ಮನೆ ಕೈ ಹಿಡಿದುಕೊಂಡು ನಿಂತೆವು. ಬಿಡಲು ನನಗೆ ಹೆದರಿಕೆಯಾಯಿತು.