ಹಳೆಯ ಸಿಡಿಯೂ ಮೇಷ್ಟ್ರ ನಮಸ್ಕಾರವೂ

ತೊಳೆದಿಟ್ಟ ಲೋಟವನ್ನು ನೀರು ಕುಡಿಯುವ ಮುಂಚೆ ಇನ್ನೊಮ್ಮೆ ತೊಳೆಯುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮ ಮನೆಯಲ್ಲಿ ಅದು ನಾನೇ. ಈ ಅತಿ ಮಡಿಯಿಂದ ಅಡುಗೆಮನೆಯಲ್ಲಿ ಆಗುವ ನಷ್ಟ ಒಂದಿಷ್ಟು ನೀರು, ಒಂದಿಷ್ಟು ಗಂಡನ ಗೊಣಗಾಟ, ಅಷ್ಟೇ. ಅದೇ ಗುಣವನ್ನು ಕೆಲಸದ ಜಾಗಕ್ಕೂ ಹೊತ್ತುಕೊಂಡು ಹೋದೆನಲ್ಲ, ಅದನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ. ಜೊತೆಗೇ ಹರಿಹರದ ದಿಕ್ಕಿಗೆ ಕೈ ಮುಗಿಯಬೇಕೆನಿಸುತ್ತದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮೂರಿನ ನಿಜಲಿಂಗಪ್ಪ ಬಡಾವಣೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಚಪ್ಪಲಿ ಹೊರಗೆ ಬಿಟ್ಟು ಒಳಬರಬೇಕಾದ ಕೋಣೆ, ಒಂದಕ್ಕೊಂದು ತಂತಿಯಿಂದ ಬೆಸೆದ ಹತ್ತು ಯಂತ್ರಗಳು. ಯಾವುದಾದರೂ ಕೆಟ್ಟರೆ ಎಲ್ಲವನ್ನೂ ಹೊಸದಾಗಿ ಹಾಕಲು ನನ್ನ ಬಳಿ ಒಂದು ಸಿಡಿ ಇತ್ತು. ಒಂದು ಯಂತ್ರವನ್ನು ಅಚ್ಚುಕಟ್ಟಾಗಿ ಸಿದ್ಧಪಡಿಸಿ, ಅದರ ಯಥಾಪ್ರತಿಯನ್ನು ಸಿಡಿಗೆ ಇಳಿಸಿಕೊಂಡದ್ದು. ಅದಕ್ಕೆ ‘ಇಮೇಜ್’ ಎನ್ನುತ್ತಿದ್ದೆವು. ಆ ಸಿಡಿಯನ್ನು ನಾನು ಬಂಗಾರದ ಸರದಂತೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ.

ಒಮ್ಮೆ ಯಂತ್ರಗಳು ದಿನಾ ಬೆಳಿಗ್ಗೆ ಸಾಲಾಗಿ ಮೂರ್ಛೆ ಹೋಗತೊಡಗಿದವು. ತರಗತಿ ಶುರುವಾಗಿ ಸ್ವಲ್ಪ ಹೊತ್ತಿಗೆ ಪರದೆಯೆಲ್ಲ ನೀಲಿ. ವೋಲ್ಟೇಜ್ ಅಂದೆ, ಧೂಳು ಅಂದೆ, ಅಮಾವಾಸ್ಯೆ ಎಂದೂ ಒಳಗೊಳಗೇ ಅಂದುಕೊಂಡೆ. ಕೊನೆಗೆ ನಜೀರ್ ಅಹ್ಮದ್ ಅವರಿಗೆ ಫೋನ್ ಮಾಡಿದೆ. ಹಿಂದೆ ನನ್ನ ಜೊತೆ ತರಬೇತಿ ಪಡೆದಿದ್ದ ಅವರು ಹರಿಹರದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದರು. ರಜೆಯ ದಿನ ಫ್ಲಾಪಿ ಹಿಡಿದು ಬಂದರು.

“ಈ ಸಿಸ್ಟಮ್ಮಿನಾಗೇ ಒಂದು ತೂತು ಐತ್ರಿ ಮೇಡಂ. ನೆಟ್‌ವರ್ಕಿನಾಗೆ ಯಾರರ ಒಂದು ಕೆಟ್ಟ ಸಂದೇಶ ಕಳ್ಸಿದ್ರೆ ಮಕಾಡೆ ಬೀಳ್ತೈತಿ. ಕಂಪನಿಯೋರು ಪ್ಯಾಚ್ ಬಿಟ್ಟಾರೆ,” ಎಂದು ಹತ್ತೂ ಯಂತ್ರಗಳಿಗೆ ತೇಪೆ ಹಾಕಿ, ಚಹಾ ಕುಡಿದು ಹೋದರು. ಆ ಕೆಟ್ಟ ಸಂದೇಶ ಕಳಿಸುವವರು ಯಾರೆಂಬುದು ತಿಳಿಯಲಿಲ್ಲ. ಯಂತ್ರಗಳು ಸುಮ್ಮನಾದ್ದರಿಂದ ನಾನೂ ಸುಮ್ಮನಾದೆ.

ಅಷ್ಟರಲ್ಲಿ ಪರೀಕ್ಷೆ ಬಂತು. ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಯಂತ್ರಗಳು ಶುಭ್ರವಾಗಿರಲಿ ಎಂದು ಹಿಂದಿನ ದಿನ ಬೀರು ತೆಗೆದು, ನನ್ನ ಪ್ರೀತಿಯ ಸಿಡಿಯಿಂದ ಹತ್ತನ್ನೂ ಒರೆಸಿ ಹೊಸದು ಮಾಡಿದೆ. ಸಂಜೆ ದೀಪ ಆರಿಸುವಾಗ ಅವುಗಳನ್ನು ನೋಡಿ ನನಗೇ ಹೆಮ್ಮೆಯಾಯಿತು.

ಮರುದಿನ ಪರೀಕ್ಷಕರು ಕುಳಿತರು, ಅಭ್ಯರ್ಥಿಗಳು ಕುಳಿತರು, ಪರದೆಗಳು ನೀಲಿಯಾದವು. ಒಂದನ್ನು ಎಬ್ಬಿಸಿದರೆ ಇನ್ನೊಂದು ಬೀಳುತ್ತಿತ್ತು. “ಮಧ್ಯಾಹ್ನದವರೆಗೆ ಕಾಯ್ತೀನಿ. ಆಗ್ಲಿಲ್ಲ ಅಂದ್ರೆ ಈ ಬ್ಯಾಚು ಮುಂದಿನ ಸಲ ಬರಲಿ,” ಎಂದರು ಪರೀಕ್ಷಕರು. ಗಿರಿಜಾ ಎಂಬ ಹುಡುಗಿ ನನ್ನ ಸೆರಗು ಹಿಡಿದಳು. “ಮೇಡಂ, ಇಲ್ಲೇ ಕರೂರಿನ ಫ್ಯಾಕ್ಟರೀಲಿ ನಂಗೆ ಕೆಲ್ಸ ಇಟ್ಕೊಂಡು ಕುಂತಾರೆ. ಈ ಸಲ ಪಾಸಾಗ್ಲಿಲ್ಲ ಅಂದ್ರೆ ಬ್ಯಾರೇರಿಗೆ ಕೊಡ್ತಾರ್ರಿ.” ನಾನು ಹರಿಹರಕ್ಕೆ ಫೋನ್ ತಿರುಗಿಸಿದೆ.

ನಜೀರ್ ಅರ್ಧ ದಿನ ರಜೆ ಹಾಕಿ ಸಿಕ್ಕ ಬಸ್ಸಿಗೆ ಓಡಿಬಂದರು.

“ನಿನ್ನೆ ಏನರ ಮಾಡಿದ್ರಾ?”

“ಎಲ್ಲಾ ಕ್ಲೀನಾಗಿ ಹೊಸದಾಗಿ ಹಾಕೀನ್ರಿ,” ಎಂದೆ, ಶಹಭಾಸ್‌ಗಿರಿಯ ನಿರೀಕ್ಷೆಯಲ್ಲಿ.

“ಯಾವ ಸಿಡಿಯಿಂದ?”

“ನಮ್ಮದೇ ಹಳೇದು.”

ಅವರು ಹಣೆಗೆ ಕೈಯಿಟ್ಟುಕೊಂಡರು. “ಯಾ ಅಲ್ಲಾ! ಆ ಸಿಡಿ ಮಾಡಿದಾಗ ಪ್ಯಾಚೇ ಬಂದಿರ್ಲಿಲ್ಲ ಮೇಡಂ. ನಾನು ಮುಚ್ಚಿದ ತೂತನ್ನ ನೀವು ತಿಕ್ಕಿ ತಿಕ್ಕಿ ತೆಗೆದ್ರಿ.”

ಅವರು ಮತ್ತೆ ಒಂದೊಂದಕ್ಕೇ ತೇಪೆ ಹಾಕುತ್ತ ಬಂದರು. ಆದರೆ ಸರದಿ ಬಾರದ ಯಂತ್ರಗಳು ನಡುನಡುವೆ ಬೀಳುತ್ತಲೇ ಇದ್ದವು. ನಜೀರ್ ಕೋಣೆಯನ್ನೆಲ್ಲ ಒಮ್ಮೆ ದಿಟ್ಟಿಸಿ, ಮೂಲೆಯಲ್ಲಿ ಕುಳಿತ ಮಲ್ಲೇಶಪ್ಪ ಮೇಷ್ಟ್ರ ಬೆನ್ನ ಹಿಂದೆ ಹೋಗಿ ನಿಂತರು. ಹೈಸ್ಕೂಲಿನಿಂದ ನಿವೃತ್ತರಾಗಿ ಕಂಪ್ಯೂಟರ್ ಕಲಿಯಲು ಬಂದಿದ್ದ, ಎಲ್ಲರಿಗಿಂತ ಶಿಸ್ತಿನ ವಿದ್ಯಾರ್ಥಿ ಅವರು.

“ಮೇಷ್ಟ್ರೆ, ಏನ್ರಿ ಇದು?”

“ಮೊಮ್ಮಗ ಫ್ಲಾಪಿ ಕೊಟ್ಟಾನ್ರಿ. ಇಲ್ಲಿ ಬ್ಯಾರೆ ಮಿಷನ್ನಿನ ಹೆಸ್ರು ಬರ್ದು ಗುಂಡಿ ಒತ್ತಿದ್ರೆ ಅವ್ರಿಗೆ ನಮಸ್ಕಾರ ಹೋಗ್ತೈತಂತೆ. ದಿನಾ ಬಂದ ಕೂಡ್ಲೆ ಎಲ್ಲರಿಗೂ ಕಳಿಸ್ತೀನಿ. ಇವತ್ತು ಎಲ್ಲಾರೂ ಗಾಬ್ರಿ ಆಗ್ಯಾರೆ, ಧೈರ್ಯ ಇರಲಿ ಅಂತ ಎರಡೆರಡು ಸಲ ಕಳಿಸೀನಿ.”

ನಾನು ನಗಲೂ ಆರದೆ ಅಳಲೂ ಆರದೆ ನಿಂತೆ. ನಜೀರ್ ಬೈಯಲಿಲ್ಲ. ಪಕ್ಕದಲ್ಲಿ ಕುಳಿತು, ಆ ನಮಸ್ಕಾರವೇ ಯಂತ್ರಗಳನ್ನು ಬೀಳಿಸುವ ಕೆಟ್ಟ ಸಂದೇಶವೆಂದು ಮೆಲ್ಲಗೆ ತಿಳಿಸಿ ಹೇಳಿದರು. ಮೇಷ್ಟ್ರ ಮುಖ ಬಾಡಿತು. “ಹಂಗಾದ್ರೆ ಈ ಪ್ಯಾಚ್ ಹಾಕಿದ ಮ್ಯಾಲೆ ನನ್ನ ನಮಸ್ಕಾರ ಯಾರಿಗೂ ಮುಟ್ಟಂಗಿಲ್ಲೇನ್ರಿ?”

“ಬಾಯಿಲೆ ಹೇಳ್ರಿ ಮೇಷ್ಟ್ರೆ, ಅದಕ್ಕೆ ಇನ್ನೂ ಯಾರೂ ಪ್ಯಾಚ್ ಬಿಟ್ಟಿಲ್ಲ.”

ಪರೀಕ್ಷೆ ನಡೆಯಿತು. ಗಿರಿಜಾ ಪಾಸಾದಳು, ಕರೂರಿಗೂ ಹೋದಳು. ಮೇಷ್ಟ್ರು ಎಲ್ಲರಿಗಿಂತ ಹೆಚ್ಚು ಅಂಕ ತೆಗೆದರು. ಆ ಸಂಜೆ ನಜೀರ್ ನನ್ನನ್ನು ಕೂರಿಸಿಕೊಂಡು, ತೇಪೆ ಹಾಕಿದ ಯಂತ್ರದಿಂದಲೇ ಹೊಸ ಇಮೇಜ್ ಮಾಡಿಸಿದರು. “ಪ್ಯಾಚ್ ಬಂದಾಗೆಲ್ಲ ಮೊದ್ಲು ಇದನ್ನ ಹೊಸದು ಮಾಡ್ರಿ, ಆಮ್ಯಾಲೆ ಮಿಷನ್ನು,” ಎಂದರು. ಬಸ್ಸಿನ ಚಾರ್ಜು ಕೊಡಲು ಹೋದರೆ, “ಮಂಡಕ್ಕಿ ಮಿರ್ಚಿ ಕೊಡಿಸ್ರಿ ಸಾಕು,” ಎಂದು ನಕ್ಕರು. ತಿಂದು ಬಸ್ಸು ಹತ್ತಿದ ಆ ಮನುಷ್ಯನಿಗೆ ನಾನು ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ.

ಅಂದಿನಿಂದ ನಾನು ಇಮೇಜನ್ನು ಎಳೆಗೂಸಿನಂತೆ ಸಾಕಿದೆ. ಹೊಸ ಪ್ಯಾಚ್ ಬಂದ ವಾರದಲ್ಲೇ ಹೊಸ ಸಿಡಿ. ಎಷ್ಟರಮಟ್ಟಿಗೆಂದರೆ ಕೆಲವು ತಿಂಗಳ ನಂತರ ನಜೀರ್ ಅವರೇ ಫೋನ್ ಮಾಡಿ, “ನಮ್ಮವೂ ನಿಮ್ಮವೂ ಒಂದೇ ಮಾಡೆಲ್ ಅಲ್ಲೇನ್ರಿ, ನಿಮ್ಮ ಇಮೇಜ್ ಒಂದು ಕಾಪಿ ಕೊಡ್ರಿ. ನನಗೆ ಪುರುಸೊತ್ತೇ ಸಿಕ್ಕಿಲ್ಲ,” ಎಂದರು. ಋಣ ತೀರಿಸುವ ಯೋಗ ಬಂತೆಂದು ನಾನೇ ಹರಿಹರಕ್ಕೆ ಹೋಗಿ ಕೊಟ್ಟು ಬಂದೆ. ಬರುವಾಗ ಬಸ್ಸಿನಲ್ಲಿ ಬೆನ್ನು ನೆಟ್ಟಗಿತ್ತು.

ವಾರ ಕಳೆಯುವಷ್ಟರಲ್ಲಿ ಫೋನ್. “ಮೇಡಂ, ಪ್ಯಾಚೆಲ್ಲಾ ಬರೋಬ್ಬರಿ ಅದಾವೆ. ಆದ್ರೆ ನಮ್ಮ ಮಿಷನ್ನೆಲ್ಲಾ ಚಾಲೂ ಮಾಡಿದ ಕೂಡ್ಲೆ ‘ಅಮ್ಮಾ, ಉಂಡ್ಯಾ?’ ಅಂತಾವಲ್ರಿ!”

ಇಮೇಜ್ ತೆಗೆದ ಯಂತ್ರದಲ್ಲಿ ನಾನು ಮಗಳ ದನಿಯನ್ನು ಮುದ್ದಿಗೆ ಹಾಕಿಟ್ಟಿದ್ದೆ. ನಮ್ಮ ಲ್ಯಾಬಿನ ಉಳಿದ ಯಂತ್ರಗಳಿಗೆ ಸ್ಪೀಕರ್ ಇರಲಿಲ್ಲವಾದ್ದರಿಂದ ಗೊತ್ತಾಗಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋಗಿ, ಈಗಲೇ ಬಂದು ತೆಗೆಯುತ್ತೇನೆ ಎಂದೆ.

“ಬ್ಯಾಡ್ರಿ, ಬ್ಯಾಡ್ರಿ,” ಎಂದರು ನಜೀರ್. “ನಮ್ಮ ಮ್ಯಾನೇಜರ್ ಸಾಹೇಬ್ರಿಗೆ ಭಾಳ ಹಿಡಿಸೇತಿ. ದಿನಾ ಬೆಳಿಗ್ಗೆ ಅದರ ಮುಂದೆ ನಿಂತು, ‘ಹ್ಞೂಂ, ಆತವ್ವ’ ಅಂತಾರೆ.”