ನಾನು ಓಡಿಸಿಕೊಂಡು ಹೋದ ಕರಾವಳಿ

ಗೊತ್ತಿರುವ ವಿಷಯದಲ್ಲಿ ನಾನು ಎಂದೂ ಹಟ ಮಾಡಿದವನಲ್ಲ. ಏನೂ ಗೊತ್ತಿಲ್ಲದ ವಿಷಯ ಬಂದಾಗ ಮಾತ್ರ ನನ್ನನ್ನು ಅಲುಗಾಡಿಸಲು ಯಾರಿಂದಲೂ ಆಗುವುದಿಲ್ಲ. ಚಾಮರಾಜನಗರದ ಹೈಸ್ಕೂಲೊಂದರಲ್ಲಿ ಹದಿನಾರು ವರ್ಷ ಭೂಗೋಳ ಕಲಿಸಿದ್ದರಿಂದ ಈ ಗುಣ ಇನ್ನಷ್ಟು ಗಟ್ಟಿಯಾಗಿದೆ. ಅಷ್ಟೂ ವರ್ಷ ನೀಲಿ ಸೀಮೆಸುಣ್ಣದಲ್ಲಿ ಅರಬ್ಬೀ ಸಮುದ್ರ ಬರೆದು, ಕೈ ಬೀಸಿ ಬೀಸಿ ಅಲೆಗಳನ್ನು ತೋರಿಸಿದ ನಾನು ಸಮುದ್ರವನ್ನು ಕಣ್ಣಾರೆ ನೋಡಿರಲಿಲ್ಲ. ಈ ಗುಟ್ಟು ಗೊತ್ತಿದ್ದದ್ದು ನನ್ನ ಹೆಂಡತಿ ನಾಗರತ್ನಳಿಗೆ ಮಾತ್ರ. ಅವಳೂ ನೋಡಿರಲಿಲ್ಲ, ಆದರೆ ಪಾಪ, ಅವಳು ಅದರ ಬಗ್ಗೆ ಪಾಠ ಮಾಡುತ್ತಿರಲಿಲ್ಲ.

ಮದುವೆಯಾದ ಹನ್ನೆರಡು ವರ್ಷಗಳಲ್ಲಿ ನಾನು ಅವಳಿಗೆ ಮಾಡಿಸಿದ ಅತಿ ದೊಡ್ಡ ಪ್ರವಾಸವೆಂದರೆ ಗುಂಡ್ಲುಪೇಟೆಯ ಅವಳ ತವರಿಗೆ. ಕರಾವಳಿಯುದ್ದಕ್ಕೂ ಹೊಸ ರೈಲು ಓಡತೊಡಗಿದ ವರ್ಷ, ಬೇಸಿಗೆ ರಜೆಯಲ್ಲಿ ಅವಳು ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದಳು. “ಮಂಗಳೂರಿಂದ ಕಾರವಾರಕ್ಕೆ ರೈಲಲ್ಲಿ ಹೋಗನ ಕಣ್ರೀ. ಕಿಟಕಿ ಪಕ್ಕ ಸುಮ್ನೆ ಕೂತ್ಕಂಡು ಸಮುದ್ರ ನೋಡನ.”

ಒಪ್ಪಿಕೊಳ್ಳಬಹುದಿತ್ತು. ಆದರೆ ನನಗೆ ಡ್ರೈವಿಂಗ್ ಲೈಸೆನ್ಸ್ ಬಂದು ಮೂರು ವಾರವಾಗಿತ್ತು. ಹರದನಹಳ್ಳಿ ರಸ್ತೆಯ ಎಮ್ಮೆಗಳೆಲ್ಲ ನನ್ನನ್ನು ದೂರದಿಂದಲೇ ಗುರುತಿಸಿ ತಾವಾಗಿ ಗದ್ದೆಗಿಳಿಯುವಷ್ಟು ಹೆಸರು ಮಾಡಿದ್ದೆ. ಅವಳ ತಮ್ಮ ಮಹದೇವಸ್ವಾಮಿ ಗುಂಡ್ಲುಪೇಟೆಯಲ್ಲಿ ಅರಿಸಿನದ ವ್ಯಾಪಾರಿ. ಅವನ ಬಳಿ ಹಳೆಯ ಬಿಳಿ ಕಾರಿತ್ತು.

“ರೈಲು ಅದಕ್ಕೆ ಬೇಕಾದ ಕಡೆ ನಿಲ್ಲುತ್ತೆ. ಕಾರು ನಾನು ನಿಲ್ಲಿಸಿದ ಕಡೆ ನಿಲ್ಲುತ್ತೆ,” ಎಂದೆ.

“ನೀವು ನಿಲ್ಸಿದ್ದು ಯಾವಾಗ? ಮೊನ್ನೆ ನಿಲ್ಸಿದ್ದು ಹುಣಿಸೇಮರ.”

ಹೆಂಗಸರಿಗೆ ಬೇಡದ್ದೆಲ್ಲ ನೆನಪಿರುತ್ತದೆ.

ಮಹದೇವಸ್ವಾಮಿ ನಮ್ಮನ್ನು ಮಂಗಳೂರಿನವರೆಗೆ ತಾನೇ ಕಾರು ಓಡಿಸಿಕೊಂಡು ಕರೆತಂದ. ದಾರಿಯುದ್ದಕ್ಕೂ ಕಾರೋ ರೈಲೋ ಎಂಬ ಚರ್ಚೆ ನಡೆಯಿತು; ಅಂದರೆ ನಾನು ಮಾತಾಡಿದೆ. ತಲುಪಿದಾಗ ರಾತ್ರಿಯಾಗಿತ್ತು. ಮರುದಿನ ಬೆಳಿಗ್ಗೆ ನಾಗರತ್ನ ಚೀಲ ಎತ್ತಿಕೊಂಡು ಲಾಡ್ಜಿನ ಬಾಗಿಲಲ್ಲಿ ನಿಂತಿದ್ದಳು. “ನೀವು ಕಾರಲ್ಲೇ ಬನ್ನಿ. ನಾನು ರೈಲಲ್ಲಿ ಓಯ್ತೀನಿ. ಕಾರವಾರದ ಸ್ಟೇಷನ್ನಲ್ಲಿ ಸಿಗನ.”

ತವರಿನ ಪಕ್ಕದ ಬೇಗೂರಿಗೂ ಒಬ್ಬಳೇ ಬಸ್ಸು ಹತ್ತಿದವಳಲ್ಲ. ‘ತಾಳು, ನಾನೂ ಬರುತ್ತೇನೆ’ ಎಂಬ ಮಾತು ಗಂಟಲವರೆಗೆ ಬಂದಿತ್ತು. ಆದರೆ ಬಾಯಿಂದ ಹೊರಟದ್ದು “ಟಿಕೆಟ್ಟು ಜೋಪಾನ” ಎಂಬ ಎರಡೇ ಪದ. ಅವಳು ಹೋದಳು. ಮಹದೇವಸ್ವಾಮಿಯನ್ನು ಪಕ್ಕಕ್ಕೆ ಕೂರಿಸಿ ನಾನು ಸ್ಟೀರಿಂಗ್ ಹಿಡಿದೆ.

ಉಡುಪಿ ದಾಟುವ ಮೊದಲೇ ಒಂದು ಮೀನಿನ ಲಾರಿ ನಮ್ಮ ಮುಂದೆ ಸೇರಿಕೊಂಡಿತು. ಅದನ್ನು ಹಿಂದೆ ಹಾಕುವ ಧೈರ್ಯ ನನಗಿರಲಿಲ್ಲ. ನಮ್ಮನ್ನು ಬಿಟ್ಟುಹೋಗುವ ಮನಸ್ಸು ಅದಕ್ಕಿರಲಿಲ್ಲ. ಮರವಂತೆಗೆ ಬಂದಾಗ ಮಹದೇವಸ್ವಾಮಿ ಸೀಟಿನಲ್ಲೇ ಎಗರಿ ಕೂಗಿದ: “ಭಾವ, ಎಡಗಡೆ ಸಮುದ್ರ! ಬಲಗಡೆ ಹೊಳೆ! ನೋಡಿ, ನೋಡಿ!” ನಾನು ಕತ್ತು ತಿರುಗಿಸಬೇಕು, ಅಷ್ಟರಲ್ಲಿ, “ಅಯ್ಯಯ್ಯೋ, ಎದ್ರುಗೆ ಬಸ್ಸು! ನೋಡ್ಬೇಡಿ ಭಾವ, ನೋಡ್ಬೇಡಿ!”

ನೋಡಲಿಲ್ಲ. ಕಾರು ನಿಲ್ಲಿಸುವ ಧೈರ್ಯ ಬರುವಷ್ಟರಲ್ಲಿ ಸಮುದ್ರ ಮುಗಿದಿತ್ತು.

“ನನ್ ಕೈಗೆ ಕೊಟ್ಬುಡಿ ಭಾವ,” ಎಂದು ಅವನು ನಾಲ್ಕು ಸಲ ಕೇಳಿದ. ಕೊಟ್ಟಿದ್ದರೆ ನನ್ನ ಮರ್ಯಾದೆ ಏನಾಗಬೇಕು?

ಕಾರವಾರ ತಲುಪಿದಾಗ ಮೂರು ಗಂಟೆ ತಡವಾಗಿತ್ತು. ಅವಳು ದಾರಿ ತಪ್ಪಿ ಗೋವಾಕ್ಕೆ ಹೋಗಿರಬಹುದು, ಅಳುತ್ತಾ ಕೂತಿರಬಹುದು ಎಂದೆಲ್ಲ ಹೆದರಿಕೊಂಡು ಸ್ಟೇಷನ್ನಿನೊಳಗೆ ಓಡಿದೆ. ಬೆಂಚಿನ ಮೇಲೆ ಕಾಲು ಮಡಚಿ ಕೂತು ಕಡಲೆಕಾಯಿ ತಿನ್ನುತ್ತಿದ್ದಳು.

“ಸಮುದ್ರ ಕಾಣಿಸಿತಾ ರೈಲಿನಲ್ಲಿ?”

“ಎಲ್ಲಿ! ಬರೀ ಗುಡ್ಡ, ಸುರಂಗ, ಹೊಳೆ. ಸಮುದ್ರ ಆ ಕಡೆ ಅದಂತೆ, ರೈಲು ಈ ಕಡೆ ಬತ್ತದ. ಅಲ್ಲೊಂದು ಇಲ್ಲೊಂದು ಚೂರು ಕಂಡಂಗಾಯ್ತು, ಅಷ್ಟೇಯ.”

ಹೆಂಡತಿಯ ಆಸೆ ಮುರಿದುಬಿದ್ದಾಗ ಗಂಡನಿಗೆ ಎಷ್ಟು ಸಂತೋಷವಾಗಬಹುದೋ ಅಷ್ಟೂ ನನಗಾಯಿತು. ಅಲ್ಲೇ ನಿಂತು ಮರವಂತೆಯನ್ನು ವರ್ಣಿಸಿದೆ: ಕಡುನೀಲಿ ನೀರು, ಬೆಳ್ಳಿ ನೊರೆ, ಕ್ಷಿತಿಜದಲ್ಲಿ ಹಾಯಿದೋಣಿ. ಅವಳು ಕಡಲೆಕಾಯಿ ಸುಲಿಯುವುದನ್ನು ಬಿಟ್ಟು ಕಿವಿಗೊಟ್ಟಳು.

“ಭಾವ ನೋಡ್ನೇ ಇಲ್ಲ ಕಣಕ್ಕ,” ಎಂದ ಮಹದೇವಸ್ವಾಮಿ. “ಆ ಲಾರಿ ನಂಬರ್ ಕೇಳು, ಬಾಯಿಪಾಠ ಒಪ್ಪಿಸ್ತರ.”

ನಾನು ತಲೆ ತಗ್ಗಿಸಿದೆ. ಆಗ ಕಂಡದ್ದು ಅವಳ ಸೀರೆಯ ಅಂಚು. ಒದ್ದೆಯಾಗಿತ್ತು, ಮರಳು ಮೆತ್ತಿತ್ತು.

“ಇದೇನೇ?”

“ನೀವು ಬರೋದು ಒತ್ತಾಯ್ತಲ್ಲ, ರೈಲಲ್ಲಿ ಜೊತೆಗೆ ಕೂತಿದ್ದಮ್ಮ ಆಟೋದಲ್ಲಿ ಕರ್ಕಂಡ್ ಓಗಿ ತೋರ್ಸುದ್ಲು. ಒಂದ್ ಗಂಟೆ ನೀರಲ್ಲೇ ನಿಂತಿದ್ದೆ.” ನನ್ನನ್ನೇ ನೋಡಿ ನಕ್ಕಳು. “ನೀವು ಹೇಳ್ದಂಗೇನೂ ಇರ್ನಿಲ್ಲ.”

ಸಂಜೆ ಅವಳೇ ದಾರಿ ತೋರಿಸಿ ನನ್ನನ್ನು ಕಡಲತೀರಕ್ಕೆ ಕರೆದುಕೊಂಡು ಹೋದಳು. ಅಷ್ಟು ನೀರನ್ನು ಒಟ್ಟಿಗೆ ಕಂಡು ವರ್ಣನೆಯೆಲ್ಲ ಮರೆತು ಅವಳ ಹಿಂದೆಯೇ ನೀರಿಗಿಳಿದೆ. ಮೊದಲ ಅಲೆ ಮೊಣಕಾಲಿಗೆ ಬಡಿದದ್ದೇ ತಡ, ‘ಅಯ್ಯೋ’ ಎಂದು ಅವಳ ತೋಳನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದೆ.

“ಎದ್ರುಕೋಬೇಡಿ,” ಎಂದಳು ಮೆಲ್ಲಗೆ. “ಅದು ವಾಪಸ್ ಓಯ್ತದ.”

ವಾಪಸ್ಸು ಹೋಯಿತು, ನನ್ನ ಎಡಗಾಲಿನ ಚಪ್ಪಲಿಯ ಸಮೇತ. ಮರುದಿನ ಮೂವರೂ ಕಾರಿನಲ್ಲೇ ಹೊರಟೆವು. ಅವಳು ತಮ್ಮನ ಪಕ್ಕ ಕಿಟಕಿಯ ಬಳಿ ಕೂತಳು, ನಾನು ಹಿಂದೆ. ಒಂದೇ ಚಪ್ಪಲಿಯಲ್ಲಿ ಕಾರು ಓಡಿಸುವುದು ಕಾನೂನಿಗೆ ವಿರುದ್ಧವೆಂದು ಅವರಿಬ್ಬರಿಗೂ ವಿವರವಾಗಿ ತಿಳಿಸಿದೆ. ಅವರು ಅದನ್ನು ಪ್ರಶ್ನಿಸಲಿಲ್ಲ.